ಫ್ರಾಂಕ್‌ಫರ್ಟ್‌ಗೆ ಹೋದರೆ ಮೊದಲು ಆ ಪುಟ್ಟ ಊರನ್ನು ನೋಡಿ

ಫ್ರಾಂಕ್‌ಫರ್ಟ್‌ಗೆ ಬಂದವರು ಸಾಮಾನ್ಯವಾಗಿ ರೋಮರ್‌ಬರ್ಗ್ ಚೌಕದಲ್ಲಿ ನಿಂತು ನಾಲ್ಕು ಫೋಟೋ ತೆಗೆದು ಹೊರಡುತ್ತಾರೆ. ನಾನೂ ಮೊದಲ ದಿನ ಹಾಗೇ ಮಾಡಿದೆ. ಮರುದಿನ ಅಲ್ಲೇ ಪಕ್ಕದ ಹಿಸ್ಟಾರಿಷೆಸ್ ಮ್ಯೂಸಿಯಂಗೆ ಹೋದ ಮೇಲೆ, ಹಿಂದಿನ ದಿನ ಏನೂ ನೋಡಿಯೇ ಇಲ್ಲ ಅನ್ನಿಸಿತು.

ಅಲ್ಲಿ ಟ್ರೊಯ್ನರ್ ಸಹೋದರರು ಕೈಯಿಂದಲೇ ಮಾಡಿದ ಹಳೇ ಪಟ್ಟಣದ ಮಾದರಿ ಇದೆ. 1926ರಲ್ಲಿ ಕೆಲಸ ಶುರುವಾದಾಗ ಆ ಮನೆಗಳೆಲ್ಲ ಹೊರಗೆ ನಿಂತಿದ್ದವು. 1944ರ ಮಾರ್ಚ್‌ನ ಬಾಂಬ್ ದಾಳಿಗೆ ಪಟ್ಟಣ ಸುಟ್ಟುಹೋಯಿತು. ಜರ್ಮನ್ ಕವಿ ಗಯಟೆ ಹುಟ್ಟಿದ ಮನೆಯೂ ಆಗಲೇ ನೆಲಸಮವಾಯಿತು. ಮಾದರಿಯ ಕೆಲಸ ಮಾತ್ರ ನಿಲ್ಲಲಿಲ್ಲ, 1961ರವರೆಗೂ ನಡೆಯಿತು. ಇಲ್ಲದ ಊರನ್ನು ಅಷ್ಟು ವರ್ಷ ಕಟ್ಟುವುದು ಅಂದ್ರೆ ಸುಮ್ನೆ ಮಾತಲ್ಲ.

ಅಳತೆ 1:200. ಡೋಮ್ ಅಂದ್ರೆ ಊರಿನ ದೊಡ್ಡ ಚರ್ಚು; ಸುಮಾರು 95 ಮೀಟರಿನ ಅದರ ಗೋಪುರ ಇಲ್ಲಿ ಅರ್ಧ ಮೀಟರೂ ಇಲ್ಲ, ಮನೆಗಳು ಅಂಗೈ ಎತ್ತರ. ನಿಂತು ನೋಡಿದರೆ ಬರೀ ಚಾವಣಿಗಳೇ ಕಾಣುತ್ತವೆ. ಸ್ವಲ್ಪ ಬಗ್ಗಿ, ಕಣ್ಣನ್ನು ಓಣಿಯ ಮಟ್ಟಕ್ಕೆ ತನ್ನಿ. ಮೇಲಿನ ಮಹಡಿಗಳು ಎರಡೂ ಕಡೆಯಿಂದ ಮುಂದೆ ಚಾಚಿಕೊಂಡು ಬಂದು, ನಡುವೆ ಒಂದು ಪಟ್ಟಿಯಷ್ಟೇ ಜಾಗ ಉಳಿದಿರುತ್ತದೆ. ನಾನು ಒಂದು ಗಂಟೆಗಿಂತ ಜಾಸ್ತಿ ಅಲ್ಲೇ ಇದ್ದೆ.

ಹೋಗುವುದು ಸುಲಭ. ಮುಖ್ಯ ರೈಲು ನಿಲ್ದಾಣದಿಂದ ಯು4 ಮೆಟ್ರೊ ಹತ್ತಿದರೆ ಎರಡನೇ ಸ್ಟಾಪೇ ಡೋಮ್/ರೋಮರ್. ಸೋಮವಾರ ಮ್ಯೂಸಿಯಂ ರಜೆ, ಇದನ್ನು ಮರೆಯಬೇಡಿ. ಬೇರೆ ಮ್ಯೂಸಿಯಂಗಳನ್ನೂ ನೋಡುವುದಿದ್ದರೆ ಎರಡು ದಿನ ನಡೆಯುವ ಮ್ಯೂಸಿಯಮ್ಸ್‌ಊಫರ್ ಟಿಕೆಟ್ ತೆಗೆದುಕೊಳ್ಳಿ. ವಿಮಾನ ಬದಲಿಸುವ ನಡುವೆ ಬರುವವರೇ, ಏರ್‌ಪೋರ್ಟ್‌ನಿಂದ ಹೊರಬರಲು ಷೆಂಗನ್ ವೀಸಾ ಬೇಕು.

ಮಾದರಿ ನೋಡಿದ ಮೇಲೆ ಸುಟ್ಟುಹೋದ ಜಾಗದಲ್ಲೇ ಮತ್ತೆ ಕಟ್ಟಿ 2018ರಲ್ಲಿ ತೆರೆದ ‘ಹೊಸ ಹಳೇ ಪಟ್ಟಣ’ಕ್ಕೆ ನಡೆಯಿರಿ, ಐದೇ ನಿಮಿಷ. ಅಲ್ಲಿನ 35 ಕಟ್ಟಡಗಳಲ್ಲಿ 15 ಮಾತ್ರ ಹಳೆಯದರ ಪಡಿಯಚ್ಚು. ಉಳಿದವು ಹೊಸ ವಿನ್ಯಾಸ. ಯಾವುದು ಯಾವುದು ಅಂತ ನಿಮಗೇ ಗೊತ್ತಾಗುತ್ತಾ ಹೋಗುತ್ತದೆ. ಡೋಮ್ ಎದುರಿನ ಮೂಲೆಯಲ್ಲಿ ಗೋಲ್ಡನೆ ವಾಗೆ ಮನೆ ಇದೆ, 1619ರಲ್ಲಿ ಮಸಾಲೆ ವ್ಯಾಪಾರಿಯೊಬ್ಬ ಕಟ್ಟಿಸಿದ್ದರ ಮರುನಿರ್ಮಾಣ. ಅದರ ಚಾವಣಿಯ ಮೇಲೆ ಪುಟ್ಟ ತೋಟ, ಕೂರಲು ಮಂಟಪ. ಬೀದಿಯಲ್ಲಿ ನಿಂತು ಎಷ್ಟು ಕತ್ತು ಚಾಚಿದರೂ ಅದು ಪೂರ್ತಿ ಕಾಣುವುದಿಲ್ಲ. ಅದಕ್ಕೇ ಮಾದರಿಯ ಹತ್ತಿರ ಇದ್ದಾಗಲೇ ಈ ಮನೆಯನ್ನು ಹುಡುಕಿ, ಮೇಲಿನಿಂದ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.