ಹನ್ನೆರಡು ಹುಡುಗರು, ಒಂದು ಗೂಡ್ಸ್ ಗಾಡಿ

ಮಂಗಳವಾರ ಬೆಳಗ್ಗೆ ರೈಲ್ವೆ ಗೇಟ್ ಹಾಕಿತ್ತು. ನನ್ನ ಸ್ಕೂಟರ್ ಮುಂದೆ ಒಂದು ಗೂಡ್ಸ್ ಗಾಡಿ, ಸರಕು ಸಾಗಿಸುವ ಟೆಂಪೋ. ಟೊಮೆಟೊ ಕ್ರೇಟ್ ಇಡುವ ಜಾಗದಲ್ಲಿ ಹುಡುಗರು ನಿಂತಿದ್ದರು. ಎಣಿಸಿದೆ, ಹನ್ನೆರಡು. ಹೈಸ್ಕೂಲಿನ ಕಬಡ್ಡಿ ತಂಡ, ತಾಲ್ಲೂಕು ಕ್ರೀಡಾಕೂಟಕ್ಕೆ ಹೊರಟಿತ್ತು. ತುಂತುರು ಮಳೆ. ತುದಿಯಲ್ಲಿದ್ದ ಸಣ್ಣ ಹುಡುಗ ಒಂದು ಕೈಲಿ ಹಗ್ಗ ಹಿಡಿದಿದ್ದ. ಇನ್ನೊಂದು ಕೈಲಿ ಜೆರ್ಸಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದ. ಅವನು ಮಾತ್ರ ಪೂರ್ತಿ ನೆನೆದಿದ್ದ.

"ಬಸ್ಸಲ್ಲಿ ಹೋಗಬಾರದೇನೋ?" ಅಂದೆ.

"ಬಸ್ಸಲ್ಲಿ ಹುಡುಗೀರು ಹೋದ್ರು ಅಕ್ಕ. ಅವ್ರಿಗೆ ಫ್ರೀ."

ಅಷ್ಟರಲ್ಲಿ ಗೇಟ್ ತೆಗೆದರು.

ಆ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಅವರಿಗೆ ಫ್ರೀ. ಅವನ ದನಿಯಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ, ಇದ್ದದ್ದನ್ನು ಹೇಳಿದ ಅಷ್ಟೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರ ತಂಡ ಸರ್ಕಾರಿ ಬಸ್ಸಲ್ಲಿ ಸೀಟು ಹಿಡಿದು ಹೋಗುತ್ತದೆ. ನನಗೆ ಅದು ನಿಜವಾಗಲೂ ಖುಷಿ. ಹುಡುಗರ ಪಾಸ್ ಮನೆಯಿಂದ ಶಾಲೆಗೆ ಮಾತ್ರ.

ಪಿಟಿ ಮೇಷ್ಟ್ರು ಡ್ರೈವರ್ ಪಕ್ಕ ಕೂತಿದ್ದರು. ಮೊದಲು ಸಿಟ್ಟು ಬಂತು. ಆಮೇಲೆ ಗೊತ್ತಾಯ್ತು, ಗಾಡಿ ಒಬ್ಬ ಹುಡುಗನ ಅಪ್ಪನದು, ಡೀಸೆಲ್ ದುಡ್ಡು ಮೇಷ್ಟ್ರದೇ. ಒಳ್ಳೆಯವರೇ. ಆದರೂ ತಪ್ಪೇ.

ಸರಕು ಗಾಡಿಯಲ್ಲಿ ಜನ ಸಾಗಿಸುವುದು ಮೋಟಾರು ವಾಹನ ಕಾನೂನಿಗೆ ವಿರುದ್ಧ ಅಂತ ಯಾರಿಗೆ ಗೊತ್ತಿಲ್ಲ? 2024ರ ಡಿಸೆಂಬರ್‌ನಲ್ಲಿ ಪ್ರವಾಸಕ್ಕೆ ಹೋದ ಮುಳಬಾಗಿಲು ಕಡೆಯ ನಾಲ್ವರು ಹುಡುಗಿಯರು ಮುರುಡೇಶ್ವರದ ಕಡಲಲ್ಲಿ ತೀರಿಕೊಂಡಾಗ ಶಾಲಾ ಪ್ರವಾಸದ ನಿಯಮಗಳ ಬಗ್ಗೆ ಎಲ್ಲರೂ ಮಾತಾಡಿದರು. ಪ್ರವಾಸ ವರ್ಷಕ್ಕೊಂದು ಸಲ. ಆಟದ ಮಕ್ಕಳು ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಗೆದ್ದಷ್ಟೂ ದೂರ ಹೋಗಬೇಕು. ಅವರ ಪ್ರಯಾಣದ ಬಗ್ಗೆ ಯಾರೂ ಮಾತಾಡುವುದಿಲ್ಲ.

ಗೂಡ್ಸ್ ಗಾಡಿ ಬೇಡ, ಕತ್ತಲಾದ ಮೇಲೆ ಪ್ರಯಾಣ ಬೇಡ ಅಂತ ಸರ್ಕಾರ ಒಂದು ಆದೇಶ ಹೊರಡಿಸಿ ಕಟ್ಟುನಿಟ್ಟಾಗಿ ಹೇಳಲೇಬೇಕು. ಆದರೆ ಸುಮ್ನೆ ಬೇಡ ಅಂದರೆ ಆ ಹುಡುಗ ಮನೆಯಲ್ಲೇ ಉಳಿಯುತ್ತಾನೆ. ಹೆಡ್‌ಮಾಸ್ಟರ್ ಪತ್ರ ತೋರಿಸಿದರೆ ಕ್ರೀಡಾಕೂಟದ ದಿನ ತಂಡಕ್ಕೆಲ್ಲ ಬಸ್ ಫ್ರೀ ಅಂತ ಅದೇ ಆದೇಶದಲ್ಲಿ ಒಂದು ಸಾಲು ಸೇರಿಸಬೇಕು. ಹನ್ನೆರಡು ಟಿಕೆಟ್ ಅಲ್ವಾ, ಅಷ್ಟೂ ಆಗದಾ?

ಸಂಜೆ ಅದೇ ಗೇಟಿನ ಹತ್ತಿರ ಕೆಲಸವಿಲ್ಲದೆ ನಿಂತಿದ್ದೆ. ಏಳು ಗಂಟೆ ದಾಟಿತ್ತು. ಗಾಡಿ ಬಂತು. ಎಣಿಸಿದೆ, ಹನ್ನೆರಡೂ ಇದ್ದರು. ಸಣ್ಣವನು ಈಗ ಜೆರ್ಸಿ ಹಾಕಿಕೊಂಡಿದ್ದ, ಮೈಯೆಲ್ಲ ಕೆಮ್ಮಣ್ಣು.

"ಗೆದ್ವಿ ಅಕ್ಕ!" ಅಂತ ಹಗ್ಗ ಬಿಟ್ಟು ಎರಡೂ ಕೈ ಎತ್ತಿದ. "ಮುಂದಿನ ವಾರ ಜಿಲ್ಲೆಗೆ!"

ಜಿಲ್ಲಾ ಕೇಂದ್ರ ನಮ್ಮೂರಿಂದ 70 ಕಿಲೋಮೀಟರ್.