ಮನೆಯಲ್ಲಿ ಕಬ್ಬಿಣ ಕತ್ತರಿಸಲು ಏನು ತಗೊಳ್ಳಬೇಕು?

ಹೊಸದಾಗಿ ಶುರು ಮಾಡುವವರೆಲ್ಲ ಮೊದಲು ನೋಡುವುದು ಗ್ರೈಂಡರ್, ಅಂದರೆ ಚಕ್ರ ತಿರುಗಿಸಿ ಲೋಹ ಕುಯ್ಯುವ ಕರೆಂಟಿನ ಮಷೀನು. ನಾನಾದರೆ ಮೊದಲು ಗಟ್ಟಿ ಬೆಂಚ್ ವೈಸ್ (ಮೇಜಿಗೆ ಕೂರಿಸಿ ವಸ್ತುವನ್ನು ಬಿಗಿಯಾಗಿ ಹಿಡಿಯುವ ಸಾಧನ), ಒಂದು ಹ್ಯಾಕ್ಸಾ ಫ್ರೇಮ್ (ಲೋಹ ಕುಯ್ಯುವ ಕೈಗರಗಸದ ಚೌಕಟ್ಟು) ತಗೊಳ್ಳಿ ಅನ್ನುತ್ತೇನೆ. ವೈಸ್ ಇಲ್ಲದೆ ಕಾಲಲ್ಲಿ ಒತ್ತಿ ಹಿಡಿದು ಕುಯ್ಯುವ ಸರ್ಕಸ್ ಬೇಡ.

ಬ್ಲೇಡ್ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ಬ್ಲೇಡ್ ಮೇಲೆ 18, 24, 32 ಅಂತ ಇರುತ್ತದೆ, ಅದು ಒಂದು ಇಂಚಿಗೆ ಎಷ್ಟು ಹಲ್ಲು ಅನ್ನುವ ಲೆಕ್ಕ. ದಪ್ಪ ಪಟ್ಟಿಗೆ 18, ಸಾಮಾನ್ಯ ಕೆಲಸಕ್ಕೆ 24, ತೆಳು ಪೈಪು ತಗಡಿಗೆ 32. ತೆಳು ಪೈಪಿಗೆ 18ರದ್ದು ಹಾಕಿದರೆ ಪೈಪಿನ ಅಂಚು ಎರಡು ಹಲ್ಲುಗಳ ನಡುವೆ ಸಿಕ್ಕಿಕೊಂಡು ಟಕ್ ಅಂತ ಹಲ್ಲೇ ಉದುರುತ್ತದೆ. ಹಲ್ಲುಗಳ ಮುಖ ಮುಂದಕ್ಕಿರಲಿ, ತಳ್ಳುವಾಗ ಒತ್ತಿ, ಎಳೆಯುವಾಗ ಸುಮ್ನೆ ಬಿಡಿ.

ದಿನವೂ ಕತ್ತರಿಸುವ ಕೆಲಸ ಇದೆ ಅಂದರೆ 4 ಇಂಚಿನ ಗ್ರೈಂಡರ್ ಸರಿ. ತೆಳು ಪೈಪಿಗೆ 1 ಮಿ.ಮೀ. ದಪ್ಪದ ಕಟಿಂಗ್ ವೀಲ್ ಸಾಕು, ಬೇಗ ಕುಯ್ಯುತ್ತದೆ, ಬಿಸಿಯೂ ಕಡಿಮೆ. ವೀಲ್ ಮೇಲಿನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ) ಮಷೀನಿನದ್ದಕ್ಕಿಂತ ಕಡಿಮೆ ಇರಲೇಬಾರದು. ನಡುವಿನ ಲೋಹದ ರಿಂಗ್ ಮೇಲೆ ಎಷ್ಟೋ ಸಲ ಎಕ್ಸ್‌ಪೈರಿ ತಿಂಗಳೂ ಇರುತ್ತದೆ, ಹೌದು, ಮಾತ್ರೆಗೆ ಇರುವ ಹಾಗೇ! ಅಂಗಡಿಯಲ್ಲೇ ನೋಡಿ ತಗೊಳ್ಳಿ. ವೀಲ್‌ಗೆ ಅಡ್ಡ ಇರುವ ಗಾರ್ಡ್ ಬಿಚ್ಚಿ ಓಡಿಸುವವರ ಪಕ್ಕ ನಾನು ನಿಲ್ಲುವುದೂ ಇಲ್ಲ.

ಅಲ್ಯೂಮಿನಿಯಂಗೆ ಮಾಮೂಲಿ ಕಬ್ಬಿಣದ ವೀಲ್ ಬೇಡ, ಮೆತ್ತಗಿನ ಲೋಹ ಅಂಟಿ ವೀಲ್ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಹ್ಯಾಕ್ಸಾನೇ ವಾಸಿ, ಹಲ್ಲಿಗೆ ಸ್ವಲ್ಪ ಮೇಣ ಸವರಿ. ಬೆಂಗಳೂರಿನವರಾದರೆ ಹಾರ್ಡ್‌ವೇರ್ ಅಂಗಡಿಗಳಿರುವ ಎಸ್‌ಜೆಪಿ ರಸ್ತೆ ಕಡೆ ಒಂದು ಸುತ್ತು ಹಾಕಿ, ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಬಹುದು.