ಮೇಸ್ತ್ರಿ ಕೇಳಿದ್ದು ಅವಳನ್ನು, ಉತ್ತರ ಕೊಟ್ಟಿದ್ದು ನಾನು

ನಾನು, ನನ್ನ ಹೆಂಡತಿ ಇಬ್ಬರೂ ಆರ್ಕಿಟೆಕ್ಟ್‌ಗಳು. ಶಿರಸಿಯಲ್ಲಿ ಒಂದೇ ಆಫೀಸು, ಎದುರುಬದುರು ಮೇಜು. ಕಳೆದ ಬೇಸಿಗೆ ರಜೆಯಲ್ಲಿ ಮಗಳು ಸೈಟಿಗೆ ಬಂದು, ಮೊಬೈಲಿನಲ್ಲಿ ನಮ್ಮಿಬ್ಬರ ಕೆಲಸದ ಬಗ್ಗೆ ಒಂದು ವಿಡಿಯೊ ಮಾಡಿದಳು. ಅಡಿಕೆ ತೋಟದ ನಡುವಿನ ಮನೆ ಅದು. ಚಿರೆಕಲ್ಲಿನ ಗೋಡೆ, ಹಂಚಿನ ಮಾಡು.

ವಿಡಿಯೊದಲ್ಲಿ ಮೇಸ್ತ್ರಿ ನನ್ನ ಹೆಂಡತಿಯ ಕಡೆ ತಿರುಗಿ ಕೇಳುತ್ತಾರೆ. "ಮೇಡಂ, ಪಕಾಸಿ ಉದ್ದ ಸಾಲ್ತಿಲ್ಲ. ಪಶ್ಚಿಮದ ಸೂರು ನಾಲ್ಕಡಿ ಬದಲು ಎರಡೂವರೆ ಮಾಡ್ಲಾ?" ಪಕಾಸಿ ಅಂದರೆ ಹಂಚು ಹೊರುವ ಓರೆ ಮರ. ಡ್ರಾಯಿಂಗ್ ಅವಳ ಕೈಯಲ್ಲೇ ಇದೆ. ಏನೋ ಹೇಳಲು ಹೊರಡುತ್ತಾಳೆ. ಅಷ್ಟರಲ್ಲಿ ನನ್ನ ದನಿ: "ಮಾಡಿ, ಏನಾಗಲ್ಲ."

ಆ ಮಾಡು ಪೂರ್ತಿ ಅವಳದ್ದು. ನಮ್ಮಲ್ಲಿ ಮಳೆ ಸುಮ್ನೆ ನೇರ ಸುರಿಯುವುದಿಲ್ಲ, ಗಾಳಿಯ ಜೊತೆ ಪಶ್ಚಿಮದಿಂದ ಓರೆಯಾಗಿ ಹೊಡೆಯುತ್ತದೆ. ಚಿರೆಕಲ್ಲು ನೀರು ಕುಡಿಯುವ ಕಲ್ಲು. ಅದಕ್ಕೇ ಆ ಬದಿಗೆ ಮಾತ್ರ ಅವಳು 4 ಅಡಿ ಇಟ್ಟಿದ್ದಳು. ಆರಿದ್ರಾ ಮಳೆಗೆ ಜಗಲಿಯೆಲ್ಲ ಒದ್ದೆಯಾಯಿತು, ಗೋಡೆ ಒಳಗಿನವರೆಗೂ ತೇವ ಹಿಡಿಯಿತು. ಹೊಸ ಮನೆಗೆ ಸೋಗೆ ತಟ್ಟಿ ಕಟ್ಟಿಕೊಂಡು ಮನೆಯವರು ಮಳೆಗಾಲ ಕಳೆದರು. ಆಮೇಲೆ ವಿಡಿಯೊ ಮತ್ತೆ ನೋಡಿದೆ. ಅವಳಿಗೆ ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಟ್ಟಿದ್ದು ಅದೊಂದೇ ಸಲ ಅಲ್ಲ.

ಅಮೆರಿಕದ ರಾಬರ್ಟ್ ವೆಂಚುರಿ, ಡೆನಿಸ್ ಸ್ಕಾಟ್ ಬ್ರೌನ್ ಎಂಬ ಆರ್ಕಿಟೆಕ್ಟ್ ದಂಪತಿಯ ಬಗ್ಗೆ ಅವರ ಮಗ ಜಿಮ್ ಡಾಕ್ಯುಮೆಂಟರಿ ಮಾಡಿದ್ದಾರೆ. 1967ರಲ್ಲಿ ಮದುವೆಯಾದ ಇವರು ದಶಕಗಳ ಕಾಲ ಒಟ್ಟಿಗೇ ಕೆಲಸ ಮಾಡಿದರು. ಆದರೆ ಆರ್ಕಿಟೆಕ್ಟ್‌ಗಳಿಗೆ ಸಿಗುವ ದೊಡ್ಡ ಗೌರವವಾದ 1991ರ ಪ್ರಿಟ್ಸ್‌ಕರ್ ಪ್ರಶಸ್ತಿ ಗಂಡನಿಗೆ ಮಾತ್ರ ಬಂತು. ಡೆನಿಸ್ ಆ ಸಮಾರಂಭಕ್ಕೆ ಹೋಗಲಿಲ್ಲ. 2013ರಲ್ಲಿ ಹಾರ್ವರ್ಡ್‌ನ ವಿದ್ಯಾರ್ಥಿನಿಯರು ಅವರ ಹೆಸರನ್ನೂ ಸೇರಿಸಿ ಎಂದು ಸಹಿ ಸಂಗ್ರಹಿಸಿದರು. ವೆಂಚುರಿ ತಾವೂ ಸಹಿ ಹಾಕಿದರು. ಸಮಿತಿ ಒಪ್ಪಲಿಲ್ಲ. ಅಮೆರಿಕದ ಆರ್ಕಿಟೆಕ್ಟ್‌ಗಳ ಸಂಸ್ಥೆ 2016ರಲ್ಲಿ ಚಿನ್ನದ ಪದಕವನ್ನು ಇಬ್ಬರಿಗೂ ಸೇರಿಸಿ ಕೊಟ್ಟಿತು. ಮೊದಲೆಲ್ಲ ಇದನ್ನು ಓದಿದಾಗ ಸಮಿತಿಯವರ ಮೇಲೆ ಸಿಟ್ಟು ಬರುತ್ತಿತ್ತು. ಈ ಸಲ ನಮ್ಮ ಡ್ರಾಯಿಂಗ್‌ಗಳ ಕಟ್ಟು ಬಿಚ್ಚಿ ನೋಡಿದೆ. ಮೂಲೆಯಲ್ಲಿ ಎಲ್ಲಾ ಕಡೆ ನನ್ನೊಬ್ಬನ ಹೆಸರೇ ಇತ್ತು!

ಈಗ ಹಾಳೆಯ ಮೇಲೆ ಇಬ್ಬರ ಹೆಸರೂ ಇದೆ, ಯಾವ ಭಾಗ ಯಾರದ್ದು ಅಂತಲೂ ಇದೆ. ಮಾಡಿನ ವಿಷಯ ಕೇಳಲು ಮೇಸ್ತ್ರಿ ಫೋನ್ ಮಾಡುವುದು ಅವಳಿಗೆ. ನನಗೆ ಮಾಡಿದರೂ ನಾನು ಉತ್ತರ ಹೇಳುವುದಿಲ್ಲ, ಫೋನ್ ಅವಳ ಕೈಗೆ ಕೊಡುತ್ತೇನೆ. ಬಾಯಿ ಕಟ್ಟಿಕೊಂಡು ನಿಲ್ಲುವುದು ಮೊದಮೊದಲು ನಿಜಕ್ಕೂ ಕಷ್ಟವಾಯಿತು.

ಮಳೆ ಮುಗಿದ ಮೇಲೆ ನಮ್ಮ ಖರ್ಚಿನಲ್ಲೇ ಆ ಸೂರನ್ನು ಮುಂದಕ್ಕೆ ತಂದೆವು. ಗೋಡೆಯಿಂದ ಓರೆ ಮರದ ಆಸರೆ ಕೊಟ್ಟು ಅವಳೇ ದಾರಿ ಹುಡುಕಿದಳು. ಮನೆಯ ಹಿರಿಯರು ನನ್ನ ಕೈ ಹಿಡಿದು, "ಸಾರ್, ಈಗ ಸರಿಯಾಯ್ತು ನೋಡಿ" ಅಂದರು. ಮೊದಲೂ ಇವಳು ಬರೆದದ್ದು ಹೀಗೇ ಇತ್ತು, ಕೆಡಿಸಿದ್ದು ನಾನು ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವಳ ಕಡೆ ತಿರುಗಿ, "ಹಾಂಗಾದ್ರೆ ತಂಗಿ, ಕೊಟ್ಟಿಗೆ ಮಾಡನ್ನೂ ಒಮ್ಮೆ ನೋಡಿಬಿಡು" ಅಂದರು.